ನಾಚಿಮುತ್ತುವಿನ ಸವೆಯದ ಅಲ್ಯೂಮಿನಿಯಂ

ತಿರುಚೆಂಗೋಡಿನ ಬಸ್ ಸ್ಟ್ಯಾಂಡ್ ಎದುರು ನಾಚಿಮುತ್ತುವಿನ ಮುಖ ಎರಡಾಳೆತ್ತರಕ್ಕೆ ಎದ್ದು ನಿಂತ ದಿನ ಅವನಿನ್ನೂ ಡಾಕ್ಟರ್ ಆಗಿರಲಿಲ್ಲ. ಫ್ಲೆಕ್ಸ್ ಬೋರ್ಡಿನಲ್ಲಿ ಮಾತ್ರ ಆಗಿದ್ದ. ನಿಶ್ಚಿತಾರ್ಥಕ್ಕೆಂದು ಗೆಳೆಯರು ಹಾಕಿಸಿದ ಬೋರ್ಡು ಅದು. ಮೇಲೆ ಹುಡುಗ, ಹುಡುಗಿ. ಕೆಳಗೆ ಕಪ್ಪು ಕನ್ನಡಕ ಹಾಕಿ, ಮೊಬೈಲು ಕಿವಿಗಿಟ್ಟುಕೊಂಡು ದೇಶದ ಭವಿಷ್ಯ ನಿರ್ಧರಿಸುತ್ತಿರುವಂತೆ ನಿಂತ ಗೆಳೆಯರ ಸಾಲು. ಹೆಸರಿನ ಹಿಂದೆ ಏನೂ ಇಲ್ಲದಿದ್ದರೆ ಬೋಳಾಗಿ ಕಾಣುತ್ತದೆಂದು ಅವರಲ್ಲೊಬ್ಬ 'ಡಾ.' ಸೇರಿಸಿಬಿಟ್ಟಿದ್ದ. ನಾಚಿಮುತ್ತು ಅದನ್ನು ನೋಡಿ, "ಅಯ್ಯೋ, ಇದೆಲ್ಲ ಯಾಕ್ರೋ!" ಎಂದು ಬಾಯಲ್ಲಿ ಅಂದು, ಮೂರು ಕಡೆಯಿಂದ ನಿಂತು ಅದರ ಫೋಟೋ ತೆಗೆದುಕೊಂಡ.

ಹುಡುಗಿಯ ಅಪ್ಪ ರಾಸಪ್ಪನ್ ಕೂಡ ಬೋರ್ಡಿನ ಮುಂದೆ ನಿಂತು ಅದನ್ನು ಓದಿದರು. ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದ ಮನುಷ್ಯ. ತಾವು ಬಿಟ್ಟುಬಂದ ಮೇಲೆ ಆ ಗಿರಣಿ ಹೇಗೆ ಇನ್ನೂ ಓಡುತ್ತಿದೆ ಎಂಬುದೇ ಅವರಿಗೆ ಅರ್ಥವಾಗದ ವಿಷಯ. ಅಳಿಯ ಡಾಕ್ಟರ್ ಎಂದು ಊರೆಲ್ಲ ಹೇಳಿಕೊಂಡು ಬಂದ ಮೇಲೆ ಯಾರೋ ನೆಂಟರು, "ಡಾಕ್ಟರ್ ಪಟ್ಟ ಯಾವಾಗ ಬಂತು?" ಎಂದು ಕೇಳಿದರಂತೆ. ರಾಸಪ್ಪನ್ ನೇರ ಅವನು ಸಂಶೋಧನೆ ಮಾಡುತ್ತಿದ್ದ ನಮ್ಮ ಇಂಜಿನಿಯರಿಂಗ್ ಕಾಲೇಜಿಗೇ ಬಂದರು.

"ಇನ್ನೇನು ಬರ್ತದೆ ಮಾವ," ಎಂದ ನಾಚಿಮುತ್ತು.

"ಬರ್ತದೆ ಅಂದ್ರೆ? ಅದೇನು ಈರೋಡ್ ಬಸ್ಸಾ? ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೀನಿ ನಾನು. ಬೋರ್ಡು ಸುಳ್ಳಾಗಬಾರದು ತಂಬಿ. ಮೊದಲು ಪಟ್ಟ, ಆಮೇಲೆ ತಾಳಿ."

ನಾಚಿಮುತ್ತು ತಲೆಯಾಡಿಸಿದ. ಎಲ್ಲದಕ್ಕೂ ತಲೆಯಾಡಿಸುವುದು ಅವನ ಹುಟ್ಟುಗುಣ. ಆದರೆ ಈ ಸಲ ಅವನ ಮುಖ ಬಾಡಿತು, ಏಕೆಂದರೆ ಪೂಂಗೊಡಿಯನ್ನು ಅವನು ನಿಜವಾಗಿ ಮೆಚ್ಚಿದ್ದ. ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವ ಹುಡುಗಿ ಅವಳು. ನೀರು ಬೆರೆಸಿ ತಂದವರು ಅವಳ ಮುಂದೆ ಕ್ಯಾನು ಇಳಿಸುವಾಗಲೇ ಬೆವರುತ್ತಾರೆ ಎಂದು ಪ್ರತೀತಿ.

ಇನ್ನು ಅವನ ಸಂಶೋಧನೆಯ ವಿಷಯ. ಸೆರಾಮಿಕ್ ಕಣ ಬೆರೆಸಿದ ಅಲ್ಯೂಮಿನಿಯಂ ಎಣ್ಣೆ ಸೋಕದೆ ಒಣದಾಗಿ ಉಜ್ಜಿದರೆ ಎಷ್ಟು ಸವೆಯುತ್ತದೆ ಎಂಬುದು. ನಮ್ಮ ಸೀಮೆಯಲ್ಲಿ ಇದು ಎಷ್ಟು ಜನಪ್ರಿಯವೆಂದರೆ, ಸೇಲಂನಿಂದ ಕೊಯಮತ್ತೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವನನ್ನು ಮಾತಾಡಿಸಿದರೆ ಅವನೂ ಎಲ್ಲೋ ಒಂದು ಕಡೆ ಅಲ್ಯೂಮಿನಿಯಂ ಉಜ್ಜುತ್ತಿರುತ್ತಾನೆ. ಪಾಕವಿಧಾನ ಸುಲಭ. ಅಲ್ಯೂಮಿನಿಯಂ ಕರಗಿಸಬೇಕು, ಪುಡಿ ಉದುರಿಸಬೇಕು, ಕಲಕಬೇಕು, ಕಡ್ಡಿಯಾಗಿ ಎರೆಯಬೇಕು, ತಿರುಗುವ ಉಕ್ಕಿನ ತಟ್ಟೆಯ ಮೇಲೆ ಒತ್ತಿ ಉಜ್ಜಬೇಕು, ಮೊದಲು ಎಷ್ಟು ತೂಗುತ್ತಿತ್ತು, ಈಗ ಎಷ್ಟು ತೂಗುತ್ತದೆ ನೋಡಬೇಕು. ಸ್ವಲ್ಪ ಸವೆದಿರುತ್ತದೆ. ಅಷ್ಟನ್ನು ಇನ್ನೂರು ಪುಟಕ್ಕೆ ಹಿಗ್ಗಿಸಿದರೆ ಡಾಕ್ಟರ್ ಪಟ್ಟ.

ಈ ವಿದ್ಯೆಯಲ್ಲಿ ನಮ್ಮ ಪ್ರೊಫೆಸರ್ ತಿರುವೇಂಗಡಂ ಅವರನ್ನು ಮೀರಿಸಿದವರಿಲ್ಲ. ಅವರ ಕೈಕೆಳಗೆ ಡಾಕ್ಟರಾದವರು ಒಬ್ಬೊಬ್ಬರೂ ಒಂದೊಂದು ಪುಡಿ. ಒಬ್ಬ ಬೂದಿ ಬೆರೆಸಿದ, ಒಬ್ಬ ತೆಂಗಿನ ಚಿಪ್ಪು ಸುಟ್ಟು ಬೆರೆಸಿದ, ನಾಮಕ್ಕಲ್ಲಿನವನೊಬ್ಬ ಮನೆಯ ಕೋಳಿಫಾರಂನಿಂದ ಮೊಟ್ಟೆಸಿಪ್ಪೆ ತಂದು ಬೆರೆಸಿದ. ನಾಚಿಮುತ್ತುವಿನ ಪಾಲಿಗೆ ಸಿಲಿಕಾನ್ ಕಾರ್ಬೈಡ್ ಬಂತು. ಪ್ರೊಫೆಸರ್ ಎಲ್ಲರಿಗೂ ಒಂದೇ ಉಪದೇಶ ಮಾಡುತ್ತಿದ್ದರು: "ಪುಡಿ ಬದಲಾಯ್ಸಿ, ಪೀಠಿಕೆ ಬದಲಾಯ್ಸಬೇಡಿ. ಪೀಠಿಕೆ ನಂದು, ಚೆನ್ನಾಗಿದೆ."

ಒಂದೇ ತೊಂದರೆ, ಆ ಯಂತ್ರದ ಕಿರುಚಾಟ. ಒಣ ಲೋಹದ ಮೇಲೆ ಒಣ ಲೋಹ ಉಜ್ಜುವ ಆ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ನಾನು ಎಷ್ಟೋ ಸಲ ನಡುವೆ ನಿಲ್ಲಿಸಿ ನಾಚಿಮುತ್ತುವಿನ ವಂಶವನ್ನು ಮನಸ್ಸಿನಲ್ಲೇ ಸ್ಮರಿಸಿದ್ದೇನೆ. ಅವನಿಗೂ ಅದನ್ನು ತಡೆಯಲಾಗುತ್ತಿರಲಿಲ್ಲ. ಹಾಗಾಗಿ ಕಡ್ಡಿ ಸಿಕ್ಕಿಸಿ, ಸ್ವಿಚ್ ಒತ್ತಿ, ಬಾಗಿಲು ಮುಂದಕ್ಕೆ ಎಳೆದು, ಕ್ಯಾಂಟೀನಿಗೆ ಹೋಗಿ ಬಾಳೆಕಾಯಿ ಬಜ್ಜಿ ತಿನ್ನುತ್ತಿದ್ದ. ಯಂತ್ರ ತಾನೇ ನಿಂತು ಸ್ವಲ್ಪ ಹೊತ್ತಾದ ಮೇಲೆ ಬಾಯಿ ಒರೆಸಿಕೊಂಡು ಬಂದು, ಕಡ್ಡಿ ಬಿಚ್ಚಿ, ಸ್ಪಿರಿಟ್‌ನಲ್ಲಿ ತೊಳೆದು ತೂಗುತ್ತಿದ್ದ. ಅವನ ಮಟ್ಟಿಗೆ ವಿಜ್ಞಾನವೆಂದರೆ ಬಜ್ಜಿಯ ಹಿಂದೆ ಮುಂದೆ ನಡೆಯುವ ಕೆಲಸ.

ರಾಸಪ್ಪನ್ ಅವರಿಗೆ ಮನೆಯಲ್ಲಿ ಮಾಡಲು ಏನಿತ್ತು? ಪಟ್ಟ ಎಲ್ಲಿಗೆ ಬಂತೆಂದು ನೋಡಲು ದಿನಾ ಕಾಲೇಜಿಗೆ ಬರತೊಡಗಿದರು. 'ನಾಚಿಮುತ್ತು ಸಾರ್ ಮಾವ' ಎಂದು ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ. ಮೊದಲ ದಿನ ಅವರು ಪ್ರಯೋಗಶಾಲೆಯ ಬಾಗಿಲು ತಳ್ಳಿದಾಗ ಒಳಗೆ ಮನುಷ್ಯರಿಲ್ಲ. ಯಂತ್ರವೊಂದೇ ತಿರುಗುತ್ತ ಅರಚುತ್ತಿದೆ. ಗಿರಣಿಯಲ್ಲಿ ಜೀವನ ಕಳೆದವರ ಹೊಟ್ಟೆ ಉರಿದುಹೋಯಿತು. ನಿವೃತ್ತರಾದ ಮೇಲೂ ಪಂಚೆಯ ಮಡಿಕೆಯಲ್ಲಿ ಸಣ್ಣ ಎಣ್ಣೆಕ್ಯಾನು ಸಿಕ್ಕಿಸಿಕೊಂಡು ತಿರುಗುವ ಮನುಷ್ಯ. ದೇವಸ್ಥಾನದ ಬಾಗಿಲು ಕಿರ್ರೆಂದರೂ ಪೂಜಾರಿಯನ್ನು ಕೇಳದೆ ಎಣ್ಣೆ ಬಿಡುವವರು. ತಟ್ಟೆಯ ಮೇಲೆ ಎರಡು ಹನಿ ಬಿಟ್ಟರು. ಅರಚಾಟ ನಿಂತಿತು. ಯಂತ್ರ ನಿಂತ ಮೇಲೆ ಹೆಗಲ ಟವೆಲ್ಲಿನಿಂದ ತಟ್ಟೆಯನ್ನು ಫಳಫಳ ಒರೆಸಿ, ಯಾರಿಗೂ ಹೇಳದೆ ಮನೆಗೆ ಹೋದರು. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ.

ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಸದ್ದು ನಿಂತದ್ದು ಮಾತ್ರ ಎಲ್ಲರಿಗೂ ತಿಳಿಯಿತು. ಏಕೆ ನಿಂತಿತೆಂದು ಯಾರೂ ಕೇಳಲಿಲ್ಲ. ನಮ್ಮ ವಿಭಾಗದಲ್ಲಿ ಒಳ್ಳೆಯದಾದರೆ ಕಾರಣ ಕೇಳುವ ಪದ್ಧತಿಯಿಲ್ಲ.

ನಾಚಿಮುತ್ತು ಕಡ್ಡಿ ತೂಗಿದ. ಸವೆತವಿಲ್ಲ. ತಕ್ಕಡಿಯನ್ನು ತಟ್ಟಿ ಮತ್ತೆ ತೂಗಿದ. ಇಲ್ಲ. ಹೆದರಿ ಪ್ರೊಫೆಸರ್ ಬಳಿ ಓಡಿದ.

"ಸಾರ್, ಕಡ್ಡಿ ಸವೀತಾನೇ ಇಲ್ಲ!"

ಪ್ರೊಫೆಸರ್ ಕನ್ನಡಕ ಹಣೆಗೇರಿಸಿದರು. "ಯಂತ್ರ ತಿರುಗ್ತಾ ಇತ್ತಾ?"

"ತಿರುಗ್ತಿತ್ತು ಸಾರ್."

"ಕಡ್ಡಿ ತಟ್ಟೆಗೆ ತಾಗ್ತಿತ್ತಾ?"

"ತಾಗ್ತಿತ್ತು ಸಾರ್."

"ಹಾಗಾದ್ರೆ ಇದು ಆವಿಷ್ಕಾರ. ಲೇಖನ ಬರೀರಿ. ನನ್ನ ಹೆಸರು ಮೊದಲು."

ಯಾಕೆ ಸವೆಯುವುದಿಲ್ಲ ಎಂಬುದಕ್ಕೂ ಪ್ರೊಫೆಸರ್ ನಿಂತ ನಿಲುವಿನಲ್ಲೇ ಕಾರಣ ಕೊಟ್ಟರು. ಕಣಗಳು ಒಂದಕ್ಕೊಂದು ಕೈ ಹಿಡಿದು ಕಾಪಾಡುತ್ತಿವೆಯಂತೆ, ಮೇಲೆ ಕಣ್ಣಿಗೆ ಕಾಣದ ರಕ್ಷಾಪದರ ಹುಟ್ಟಿದೆಯಂತೆ. ಆ ಪದರ ಯಾವುದೆಂದು ಮೂಸಿ ನೋಡಿದ್ದರೂ ತಿಳಿಯುತ್ತಿತ್ತು. ಆದರೆ ಪ್ರೊಫೆಸರ್ ಮಟ್ಟದವರು ಪ್ರಯೋಗಶಾಲೆಗೆ ಹೋಗುವುದಿಲ್ಲ. ಅಲ್ಲಿ ಏಸಿ ಇಲ್ಲ.

ಸುದ್ದಿ ಮೇಲಕ್ಕೆ ಹೋಯಿತು. ನಮ್ಮ ಕಾಲೇಜಿನ ಅಧ್ಯಕ್ಷ ಅರ್ಧನಾರಿಯವರು ಬೋರ್‌ವೆಲ್ ಲಾರಿಗಳಿಂದ ಮೇಲೆ ಬಂದವರು. ನೆಲದಲ್ಲಿ ತೂತು ಕೊರೆದು ಸಂಪಾದಿಸಿದ್ದನ್ನು ನೆಲದ ಮೇಲೆ ಕಾಲೇಜಾಗಿ ನಿಲ್ಲಿಸಿದ್ದಾರೆ. ಅವರ ಕೋಣೆಗೆ ನಾಚಿಮುತ್ತುವಿಗೆ ಕರೆ ಬಂತು. ಜೊತೆಗೆ ಧೈರ್ಯಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದ.

"ಏನಪ್ಪಾ, ಸವೆಯದ ಲೋಹ ಕಂಡುಹಿಡಿದಿದ್ದೀಯಂತೆ?"

"ಪ್ರಯೋಗದಲ್ಲಿ ಹಾಗೆ ಬಂದಿದೆ ಸಾರ್. ಇನ್ನೂ ಸ್ವಲ್ಪ ನೋಡ್ಬೇಕು..."

"ನೋಡೋದೇನು? ನನ್ನ ಲಾರಿಗಳಲ್ಲಿ ಕೊರೆಯೋ ರಾಡ್ ಹಿಡಿಯೋ ಬುಷ್ ಸವೆದು ಸವೆದು ಸಾಕಾಗಿದೆ. ಅದರಲ್ಲೊಂದು ಬುಷ್ ಮಾಡಿಕೊಡು. ಲಾರಿ ಕನ್ನಡ ಸೀಮೆಗೆ ಹೊರಟಿದೆ, ಶಿರಾ ಕಡೆ. ಹಾಕ್ಕೊಂಡು ಹೋಗ್ಲಿ."

ಬೇಡವೆನ್ನಲು ನಾಚಿಮುತ್ತು ಬಾಯಿ ತೆರೆದ. ತಲೆ ಅಷ್ಟರಲ್ಲಿ ಆಡಿಬಿಟ್ಟಿತ್ತು. ಬುಷ್ ಎರೆದದ್ದಾಯಿತು, ಲಾರಿಗೆ ಹಾಕಿದ್ದಾಯಿತು, ಲಾರಿಯ ಮುಂದೆ ಕುಂಬಳಕಾಯಿ ಒಡೆದದ್ದಾಯಿತು. ಎರಡು ದಿನ ಕಳೆದು ನಾವು ಅಧ್ಯಕ್ಷರ ಮುಂದೆ ಕೂತಿದ್ದಾಗಲೇ ಶಿರಾದಿಂದ ಡ್ರೈವರನ ಫೋನು ಬಂತು. ಅಧ್ಯಕ್ಷರು ಸ್ಪೀಕರ್ ಹಾಕಿದರು.

"ಅಣ್ಣಾ, ಬುಷ್ ಪುಡಿಪುಡಿ ಆಗೋಯ್ತಣ್ಣಾ! ರಾಡ್ ಬೋರ್ ಒಳಗೆ ಸಿಕ್ಕಾಕ್ಕೊಂಡಿದೆ, ಹೊಲದವನು ಮಚ್ಚು ಹಿಡ್ಕೊಂಡು ನಿಂತಿದಾನೆ!"

ನಾಚಿಮುತ್ತು ಕುರ್ಚಿಯಿಂದ ಅರ್ಧ ಎದ್ದ. ಅಧ್ಯಕ್ಷರು ಅಲ್ಲಾಡಲಿಲ್ಲ. "ಲೋ, ಓದಿದವರು ಸವೆಯಲ್ಲ ಅಂತ ಬರೆದು ಕೊಟ್ಟಿದ್ದಾರೆ. ಅದು ಸವೆದ್ರೆ ಅದರ ತಪ್ಪಲ್ಲ, ನಿಂದು. ಇಲ್ಲಾ ಆ ಊರಿನ ಕಲ್ಲು ಸರಿಯಿಲ್ಲ."

"ಕಲ್ಲು ಅಂದ್ರೆ ಕಲ್ಲೇ ಅಲ್ವಾಣ್ಣಾ?"

"ಎದುರು ಮಾತಾಡ್ತೀಯಾ? ಬೇರೆ ಬುಷ್ ಹಾಕ್ಕೊಂಡು ಕೆಲಸ ನೋಡು!" ಫೋನಿಟ್ಟು ನಾಚಿಮುತ್ತುವಿನ ಕಡೆ ತಿರುಗಿ ಪ್ರೀತಿಯಿಂದ, "ನೀನು ತಲೆ ಕೆಡಿಸ್ಕೋಬೇಡಪ್ಪಾ. ಓದಿಲ್ಲದ ಜನ," ಎಂದರು.

ಇನ್ನೂರು ಪುಟ ಬರೆದದ್ದೂ ಆಯಿತು, ಮೌಖಿಕ ಪರೀಕ್ಷೆಯ ದಿನವೂ ಬಂತು. ನಮ್ಮ ಕಡೆ ಇದನ್ನು ಪರೀಕ್ಷೆಯೆಂದು ಕರೆಯುವುದೇ ಒಂದು ಸಭ್ಯತೆ, ನಡೆಯುವುದು ಮದುವೆ. ಹೊರಗಿನಿಂದ ಬರುವ ಪರೀಕ್ಷಕರಿಗೆ ಹಾರ, ಶಾಲು, ಬಾಳೆಲೆ ಊಟ, ಹೋಗುವಾಗ ಕೈಗೆ ತಾಂಬೂಲದ ಚೀಲ. ಉಂಡವರು ಕಷ್ಟದ ಪ್ರಶ್ನೆ ಕೇಳುವುದು ಶಿಷ್ಟಾಚಾರವಲ್ಲ. ಅಧ್ಯಕ್ಷರು ಕೇಬಲ್ ಟೀವಿಯವರನ್ನು ಕರೆಸಿದ್ದರು. ಗೇಟಿನಲ್ಲಿ 'ಡಾಕ್ಟರ್ ಪಟ್ಟ ಸಮಾರಂಭ' ಎಂಬ ಬೋರ್ಡು ಆಗಲೇ ಗಾಳಿಗೆ ಪಟಪಟಿಸುತ್ತಿತ್ತು. ರಾಸಪ್ಪನ್ ಮನೆಯ ಹೆಂಗಸರು ಹಣ್ಣು, ಹೂವು, ಅತಿರಸದ ತಟ್ಟೆ ಹಿಡಿದು ವ್ಯಾನಿನಿಂದ ಇಳಿದರು. ಪೂಂಗೊಡಿಯೂ ಬಂದಿದ್ದಳು. ನಾಚಿಮುತ್ತು ಅವಳನ್ನು ನೋಡಿ ಟೈ ಸರಿಮಾಡಿಕೊಳ್ಳಲು ಹೋಗಿ ಇನ್ನಷ್ಟು ಬಿಗಿ ಮಾಡಿಕೊಂಡ.

ಪರೀಕ್ಷಕಿ ತಿರುನೆಲ್ವೇಲಿಯಿಂದ ಬಂದ ಡಾಕ್ಟರ್ ಹೆಪ್ಸಿಬಾ. ಸಣ್ಣಗೆ, ಒಣಗಿದ ಹಾಗಿದ್ದರು. ಶಾಲು ಹೊದಿಸಿಕೊಳ್ಳಲಿಲ್ಲ. ಅತಿರಸ ಮುಟ್ಟಲಿಲ್ಲ. ತಮ್ಮ ನೀರಿನ ಬಾಟಲಿ ತಾವೇ ತಂದಿದ್ದರು. ಇದನ್ನು ಕಂಡಾಗಲೇ ಪ್ರೊಫೆಸರ್ ತಿರುವೇಂಗಡಂ ಅವರ ಮುಖ ಹುಳ್ಳಗಾಯಿತು.

ನಾಚಿಮುತ್ತು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಮುಗಿಸಿದ. ಚಪ್ಪಾಳೆ ಬಿತ್ತು. ಹೆಪ್ಸಿಬಾ ಚಪ್ಪಾಳೆ ಮುಗಿಯುವವರೆಗೆ ಕಾದರು.

"ನಾನೂ ತುಂಬ ವರ್ಷ ಅಲ್ಯೂಮಿನಿಯಂ ಉಜ್ಜಿದ್ದೀನಿ. ಸವೆಯದೆ ಇದ್ದದ್ದು ನೋಡಿಲ್ಲ. ಯಂತ್ರ ಓಡಿಸಿ ತೋರಿಸಿ."

"ಮೇಡಂ, ಊಟ ಆದ ಮೇಲೆ..." ಎಂದರು ಪ್ರೊಫೆಸರ್.

"ಊಟಕ್ಕೆ ಮುಂಚೆ."

ಹಾರ, ಕ್ಯಾಮೆರಾ, ಹಣ್ಣಿನ ತಟ್ಟೆ ಎಲ್ಲವೂ ಪ್ರಯೋಗಶಾಲೆಗೆ ನುಗ್ಗಿದವು. ನಾಚಿಮುತ್ತು ಕಡ್ಡಿ ಸಿಕ್ಕಿಸಿ ಸ್ವಿಚ್ ಒತ್ತಿದ. ಅಭ್ಯಾಸಬಲದಿಂದ ಎರಡು ಹೆಜ್ಜೆ ಬಾಗಿಲ ಕಡೆಗೂ ಹೋದ. ನಾನು ಹಿಡಿದು ನಿಲ್ಲಿಸಿದೆ. ಯಂತ್ರ ಅರಚತೊಡಗಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಅಧ್ಯಕ್ಷರು ಕ್ಯಾಮೆರಾದ ಕಡೆ ನಗುತ್ತಲೇ ಹಲ್ಲು ಕಚ್ಚಿದರು. ರಾಸಪ್ಪನ್ ನಿಂತಲ್ಲೇ ಚಡಪಡಿಸಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಇಷ್ಟು ಓದಿದವರಲ್ಲಿ ಒಬ್ಬನಿಗಾದರೂ ಬುದ್ಧಿ ಬರುತ್ತದೇನೋ ಎಂದು ಕಾದರು. ಕೊನೆಗೆ ತಡೆಯಲಾಗದೆ, "ಸರ್ಕೊಳ್ರಯ್ಯಾ ಪಕ್ಕಕ್ಕೆ!" ಎಂದು ಮುನ್ನುಗ್ಗಿ, ಪಂಚೆಯ ಮಡಿಕೆಯಿಂದ ಕ್ಯಾನು ತೆಗೆದು ಎರಡು ಹನಿ ಬಿಟ್ಟರು.

ಕೋಣೆ ನಿಶ್ಶಬ್ದವಾಯಿತು. ಯಂತ್ರ ಬೆಣ್ಣೆ ಕಡೆದಂತೆ ತಿರುಗಿತು.

"ಈಗ ನೋಡಿ ಹೇಗೆ ಓಡ್ತದೆ!" ಎಂದು ರಾಸಪ್ಪನ್ ಎಲ್ಲರ ಕಡೆ ತಿರುಗಿದರು.

ಹೆಪ್ಸಿಬಾ ನಾಚಿಮುತ್ತುವನ್ನು ಕೇಳಿದರು: "ಇವರು ಯಾರು?"

"ನನ್ನ... ಆಗಬೇಕಾದ ಮಾವ, ಮೇಡಂ."

"ಅಯ್ಯಾ, ಇವತ್ತೇ ಮೊದಲ ಸಲ ಹಾಕಿದ್ದಾ?"

ರಾಸಪ್ಪನ್ ಅವರಿಗೆ ಅವಮಾನವಾಯಿತು. "ಮೊದಲ ಸಲ ಏನಮ್ಮಾ! ದಿನಾ ಬಂದು ಹಾಕ್ತೀನಿ. ಇಷ್ಟು ದೊಡ್ಡ ಕಾಲೇಜು, ಒಂದು ಯಂತ್ರಕ್ಕೆ ಎಣ್ಣೆ ಹಾಕೋ ಗತಿಯಿಲ್ಲ. ಹಾಕಿ, ಪಕ್ಕದಲ್ಲಿ ಕೂತು, ನಿಂತ ಮೇಲೆ ಒರೆಸಿ ಮನೆಗೆ ಹೋಗ್ತೀನಿ. ನಾನಿಲ್ದಿದ್ರೆ ಆ ಕಡ್ಡಿ ಇಷ್ಟು ಹೊತ್ತಿಗೆ ಸವೆದು ಇಲ್ಲವಾಗಿರ್ತಿತ್ತು!"

"ಅದು ಸವೀಲಿ ಅಂತಾನೇ ಉಜ್ಜೋದು, ಅಯ್ಯಾ."

"ಸವೀಲಿ ಅಂತ ಯಾರಾದ್ರೂ ಯಂತ್ರ ಓಡಿಸ್ತಾರಾ? ಹುಚ್ಚಾ?"

ಹೆಪ್ಸಿಬಾ ಅವರೊಡನೆ ವಾದಿಸಲು ಹೋಗಲಿಲ್ಲ. ನಾಚಿಮುತ್ತುವಿನ ಕಡೆ ತಿರುಗಿದರು. "ಇವರು ಎಣ್ಣೆ ಹಾಕುವಾಗ ನೀವೆಲ್ಲಿದ್ರಿ?"

ಅಲ್ಲೇ ಇದ್ದೆ ಎಂದರೆ ಕಳ್ಳ. ಇರಲಿಲ್ಲ ಎಂದರೆ ಸೋಮಾರಿ. ನಾಚಿಮುತ್ತು ಪೂಂಗೊಡಿಯ ಕಡೆ ನೋಡಿದ. ಅವಳು ನೀರು ಹಾಕಿದ ಹಾಲನ್ನು ನೋಡುವಂತೆಯೇ ಅವನನ್ನು ನೋಡುತ್ತಿದ್ದಳು.

"ಕ್ಯಾಂಟೀನಲ್ಲಿದ್ದೆ, ಮೇಡಂ."

"ದಿನಾ?"

"ಆ ಸದ್ದು ತಡೆಯೋಕಾಗ್ತಿರ್ಲಿಲ್ಲ, ಮೇಡಂ."

"ನೀವೆಲ್ಲಿದ್ರಿ ಪ್ರೊಫೆಸರ್?"

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು ಮಹತ್ತರವಾದ ಸಲಹೆಯೊಂದನ್ನು ಕೊಟ್ಟರು. "ಮೇಡಂ, ಎಲ್ಲ ಸರಿಯಾಗೇ ಇದೆ. ಶೀರ್ಷಿಕೆಯಲ್ಲಿ 'ಒಣ' ಅನ್ನೋದನ್ನ ತೆಗೆದುಬಿಟ್ರೆ?"

"ತೆಗೆದು 'ಮಾವನ ಎಣ್ಣೆ' ಅಂತ ಹಾಕ್ತೀರಾ?" ಹೆಪ್ಸಿಬಾ ಬಾಟಲಿಯ ಮುಚ್ಚಳ ತಿರುಗಿಸಿದರು. "ಎಲ್ಲ ಮೊದಲಿಂದ ಉಜ್ಜಿ ನಾಚಿಮುತ್ತು. ಒಣದಾಗಿ. ನೀವೇ ಪಕ್ಕದಲ್ಲಿ ನಿಂತು. ಆಮೇಲೆ ನನ್ನ ಕರೀರಿ." ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಹೋದರು.

ಬಾಳೆಲೆ ಹಾಸಿಯಾಗಿತ್ತು. ಕೇಬಲ್ ಟೀವಿಯವನು, "ಸಾರ್, ಡಾಕ್ಟರ್ ಯಾರು?" ಎಂದು ಕ್ಯಾಮೆರಾ ಹೊತ್ತುಕೊಂಡೇ ಕೇಳಿದ. ಅಧ್ಯಕ್ಷರು ಸಮಾರಂಭವನ್ನು ವ್ಯರ್ಥ ಮಾಡುವವರಲ್ಲ. ಶಿರಾದಲ್ಲಿ ಸಿಕ್ಕಿಕೊಂಡ ರಾಡಿನ ನೆನಪೂ ಅವರಿಗಾಗಿರಬೇಕು. ಹೆಪ್ಸಿಬಾ ಹೊದೆಯದೆ ಬಿಟ್ಟ ಶಾಲನ್ನು ರಾಸಪ್ಪನ್ ಹೆಗಲಿಗೆ ಹೊದಿಸಿ, "ನಮ್ಮ ಕಾಲೇಜಲ್ಲಿ ಯಂತ್ರದ ಬಗ್ಗೆ ಕಾಳಜಿಯಿರೋ ಒಬ್ಬನೇ ಮನುಷ್ಯ ಇವರು. ಇವರಿಗೇ ಗೌರವ ಡಾಕ್ಟರೇಟ್!" ಎಂದು ಘೋಷಿಸಿಬಿಟ್ಟರು. ಎಲ್ಲೋ ಒಂದು ದ್ವೀಪದಲ್ಲಿ ವಿಶ್ವವಿದ್ಯಾಲಯವೊಂದಿದೆಯಂತೆ. ಅದರ ಕಟ್ಟಡ ಕಂಡವರಿಲ್ಲ. ಸೇಲಂನ ಹೋಟೆಲ್ ಹಾಲಿಗೆ ತಾನೇ ಬಂದು, ಕೇಳಿದವರಿಗೆ ಪಟ್ಟ ಕೊಟ್ಟು ಹೋಗುತ್ತದೆ. ಅಧ್ಯಕ್ಷರ ಡಾಕ್ಟರ್ ಪಟ್ಟವೂ ಅಲ್ಲಿನದೇ. ಮುಂದಿನ ವಾರವೇ ರಾಸಪ್ಪನ್ ನಿಲುವಂಗಿ ತೊಟ್ಟು, ಚೌಕ ಟೋಪಿಯಿಟ್ಟು, ಫೋಟೋದಲ್ಲಿ ನಗದೆ ನಿಂತರು. ಇನ್ನೂರು ಪುಟ ಬರೆದವನಿಗೆ ಬಾರದ್ದು ಎರಡು ಹನಿ ಎಣ್ಣೆಗೆ ಬಂತು.

ನಾಚಿಮುತ್ತು ಊಟ ಬಿಟ್ಟ. ಒಂದು ಭಾನುವಾರ, ಮದುವೆಯ ಮಾತಾಡೋಣ ಬನ್ನಿ ಎಂದು ನನ್ನನ್ನು ಕರೆದುಕೊಂಡು ರಾಸಪ್ಪನ್ ಮನೆಗೆ ಹೋದ. ಬಾಗಿಲಲ್ಲಿ 'ಡಾ. ರಾಸಪ್ಪನ್' ಎಂಬ ಹಿತ್ತಾಳೆ ಫಲಕ. ಒಳಗೆ ಡಾಕ್ಟರು ಶಾಲು ಹೊದ್ದು ಸೆಕೆಯಲ್ಲಿ ಬೇಯುತ್ತ ಕೂತಿದ್ದರು.

"ಮಾವ, ಪಟ್ಟಕ್ಕೆ ಇನ್ನೂ ಸ್ವಲ್ಪ ತಡ ಆಗ್ತದೆ. ಅಷ್ಟರೊಳಗೆ ಮದುವೆ..."

"ತಂಬಿ, ಆಗ ನಾನು ಬರೀ ಮೇಸ್ತ್ರಿ. ಈಗ ಡಾಕ್ಟರ್ ಮನೆ ಹುಡುಗೀನ ಡಾಕ್ಟರ್ ಅಲ್ಲದವನಿಗೆ ಕೊಟ್ರೆ ನಾಲ್ಕು ಜನ ಏನಂತಾರೆ?"

"ನಿಮ್ಮ ಎಣ್ಣೆಯಿಂದಲೇ ನನ್ನ ಪಟ್ಟ ಹೋಯ್ತು ಮಾವ!" ನಾಚಿಮುತ್ತು ಜೀವನದಲ್ಲಿ ಮೊದಲ ಸಲ ದನಿಯೇರಿಸಿದ.

"ಯಂತ್ರದ ಪಕ್ಕ ಕೂತವನು ಡಾಕ್ಟರ್ ಆದ. ಕೂರದವನು ಆಗ್ಲಿಲ್ಲ. ಇದರಲ್ಲಿ ಅನ್ಯಾಯ ಎಲ್ಲಿ ಬಂತು?"

ನಾವಿಬ್ಬರೂ ಎದ್ದು ಬಂದು ಚಪ್ಪಲಿ ಹಾಕಿಕೊಂಡೆವು. ಗೇಟಿನ ತನಕ ಪೂಂಗೊಡಿ ಬಂದಳು.

"ಮತ್ತೆ ಉಜ್ಜೋಕೆ ಶುರು ಮಾಡ್ತೀರಾ?"

"ಉಜ್ತೀನಿ. ಆದ್ರೆ ನಿಮ್ಮಪ್ಪ..."

"ಅಪ್ಪನ್ನ ನನಗೆ ಬಿಡಿ. ನಮ್ಮ ಸೊಸೈಟಿಯಲ್ಲಿ ತುಂಬ ಯಂತ್ರ ಇವೆ, ಎಣ್ಣೆ ಹಾಕ್ಕೊಂಡು ಇರ್ಲಿ. ನೀವು ಬಾಗಿಲು ಹಾಕ್ಕೊಂಡು ಒಳಗೆ ಕೂತ್ಕೊಳ್ಳಿ. ಯಂತ್ರ ತಿರುಗೋವಾಗ ನೀವು ಕ್ಯಾಂಟೀನಲ್ಲಿ ಕಂಡ್ರಿ ಅಂತ ಗೊತ್ತಾದ್ರೆ, ನಾನೇ ಬೇರೆ ಗಂಡು ನೋಡ್ಕೋತೀನಿ."

"ಕೂತ್ರೆ?"

"ಕೂತ್ರೆ ಪಟ್ಟ ಬರ್ಲಿ ಬಿಡ್ಲಿ, ತಾಳಿ ಕಟ್ಟಿ. ಆ ಕ್ಯಾಂಟೀನ್ ಮಾತು ನಿಜ ಹೇಳಿದ್ರಲ್ಲ, ಸಾಕು." ಹೇಳಿ ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಆ ಕಿರುಚಾಟ ಮತ್ತೆ ಶುರುವಾಯಿತು. ನಾನು ಪಾಠ ನಿಲ್ಲಿಸಿ ಪಕ್ಕದ ಕೋಣೆಯ ಕಿಟಕಿಯಲ್ಲಿ ಇಣುಕಿದೆ. ನಾಚಿಮುತ್ತು ಕಿವಿಗೆ ಹತ್ತಿ ತುರುಕಿ, ತಲೆಗೆ ಟವೆಲ್ ಸುತ್ತಿ, ಹಲ್ಲು ಕಚ್ಚಿ ಯಂತ್ರದ ಮುಂದೆ ಕುಳಿತಿದ್ದ. ಯಂತ್ರ ನಿಂತಿತು. ಕಡ್ಡಿ ಬಿಚ್ಚಿ, ತೊಳೆದು, ತೂಗಿದ. ಒಡನೆಯೇ ಬಾಗಿಲು ತೆರೆದು ಹೊರಗೆ ಓಡಿಬಂದು, ಪಾಠ ಕೇಳುತ್ತಿದ್ದವರೆಲ್ಲರ ಎದುರು ನನ್ನನ್ನು ತಬ್ಬಿಕೊಂಡ.

"ಸಾರ್, ಸವೆದಿದೆ! ಎಲ್ಲರದೂ ಸವೆದ ಹಾಗೇ ಸವೆದಿದೆ!"

ಅವನ ಕಣ್ಣಲ್ಲಿ ನೀರಿತ್ತು. ಕಿವಿಯಲ್ಲಿ ಹತ್ತಿಯಿದ್ದದ್ದರಿಂದ, ಆ ಕಿರುಚಾಟದ ಬಗ್ಗೆ ನಾನು ಹೇಳಿದ್ದು ಅವನಿಗೆ ಒಂದೂ ಕೇಳಿಸಲಿಲ್ಲ.